ಸಣ್ಣ ಹಡಗಿನ್ಯಾಗ ಲಕ್ಷದ್ವೀಪ: ಕಲಬುರಗಿಯಿಂದ ಮನಿಮಂದಿನ್ನ ಕರ್ಕೊಂಡು ಹೋಗೋದು ಹೆಂಗ

ನಮ್ಮ ಕಲಬುರಗಿ ಮಂದಿಗೆ ನೀರು ಅಂದ್ರ ಅಪ್ಪನ ಕೆರಿ, ಇಲ್ಲಾಂದ್ರ ನಳ ಬರೋ ದಿನ. ಸಮುದ್ರದ ಮ್ಯಾಲ ನಾಲ್ಕು ರಾತ್ರಿ ಮಲಗ್ತೀವಿ ಅಂತ ಹೇಳಿದಾಗ ಓಣಿ ಮಂದಿ ನಮ್ಮನ್ನ ಹುಚ್ಚರ ಥರ ನೋಡಿದ್ರು. ನಾವು ನಾಲ್ಕು ಮಂದಿ: ನಾನು, ನಮ್ಮ ಮನಿಯವ್ರು, ಒಂಬತ್ತು ವರ್ಷದ ಮಗ, ಮತ್ತ ಅರವತ್ತೆಂಟು ವರ್ಷದ ನಮ್ಮತ್ತಿ. ಹೋಗಿ ಬಂದ ಮ್ಯಾಲ ಕೇಳೋರು ಭಾಳ ಮಂದಿ ಆಗ್ಯಾರ, ಫೋನ್‌ನ್ಯಾಗ ಹೇಳಿ ಹೇಳಿ ಸಾಕಾಗಿ ಇಲ್ಲಿ ಒಂದೇ ಸಲ ಎಲ್ಲಾ ಬರದು ಬಿಡ್ತೀನಿ, ಜರಾ ಉದ್ದ ಆಗ್ತದ, ಚಹಾ ಇಟ್ಕೊಂಡು ಕುಂಡ್ರಿ.

ಮೊದ್ಲ ಇದನ್ನ ಠರಾವ್ ಮಾಡ್ರಿ: ನಿಮಗ ಹಡಗು ಬೇಕೋ ಸಮುದ್ರ ಬೇಕೋ

ಕ್ರೂಸ್ ಅಂದ ಕೂಡ್ಲೆ ಎಲ್ಲರ ತಲ್ಯಾಗ ಬರೋದು ಸ್ವಿಮ್ಮಿಂಗ್ ಪೂಲ್, ಡಾನ್ಸು, ಹದಿನೈದು ಥರದ ಊಟ. ಅಂಥದ್ದು ಬೇಕಿದ್ರ ಮುಂಬೈಯಿಂದ ಕಾರ್ಡೆಲಿಯಾದವರ ಎಂಪ್ರೆಸ್ ಹಡಗು ಅದ, ಹನ್ನೊಂದು ಅಂತಸ್ತಿಂದು, 1990ರಾಗ ಕಟ್ಟಿದ್ದು, ನನ್ನ ತಮ್ಮ ಹೋಗಿ ಬಂದು ಖುಷ್ ಆಗ್ಯಾನ. ಹೊರದೇಶದಾಗ ಐಕಾನ್ ಆಫ್ ದಿ ಸೀಸ್ ಅಂತ 2024ರಾಗ ಶುರು ಆದ ಹಡಗಿನ್ಯಾಗ ಏಳು ಸಾವಿರಕ್ಕೂ ಜಾಸ್ತಿ ಪ್ರಯಾಣಿಕ್ರು ಹಿಡಸ್ತಾರಂತ, ಅದು ಹಡಗಲ್ಲ ಬಿಡ್ರಿ, ಒಂದು ದೊಡ್ಡ ಊರು.

ನಾವು ಹೋಗಿದ್ದು ಎಂ.ವಿ. ಕವರತ್ತಿ ಅನ್ನೋ ಹಡಗಿನ್ಯಾಗ. ಒಟ್ಟು 700 ಮಂದಿ ಹಿಡಿತದ, ಅದ್ರಾಗ ಟೂರಿಸ್ಟ್ ಮಂದಿ ಸ್ವಲ್ಪೇ, ಉಳಿದವರೆಲ್ಲ ದ್ವೀಪದ ಜನ, ಕೊಚ್ಚಿಗೆ ದವಾಖಾನಿಗೆ ಬಂದವರು, ಕಾಲೇಜ್ ಹುಡುಗ್ರು, ಮದುವಿ ಸಾಮಾನು ಹೊತ್ಕೊಂಡು ಹೊಂಟವರು. ನಮ್ಮ ಹೈದರಾಬಾದ್ ಪ್ಯಾಸೆಂಜರ್ ರೈಲಿನ್ಯಾಗ ಇರೋ ಥರದ ಸಂಸಾರ ಅದು, ಆದ್ರ ಕೆಳಗ ಹಳಿ ಬದ್ಲಿ ನೀರು. ಪೂಲ್ ಇಲ್ಲ, ಕ್ಯಾಸಿನೊ ಇಲ್ಲ. ಮಾಡೋ ಕೆಲಸ ಒಂದೇ, ಡೆಕ್ ಅಂದ್ರ ಹಡಗಿನ ಬಯಲು ಅಂಗಳದ ಮ್ಯಾಲ ಕುಂತು ಸಮುದ್ರ ನೋಡೋದು. ದೊಡ್ಡ ಹಡಗಿನ್ಯಾಗ ಸಮುದ್ರ ಕಿಟಕಿ ಆಚೆ ಇರ್ತದ, ಸಣ್ಣ ಹಡಗಿನ್ಯಾಗ ಅದು ನಿಮ್ಮ ಮಂಚದ ಕೆಳಗೇ ಬಂದು ಮಲಗ್ತದ. ಇದು ಇಷ್ಟ ಆಗೋರಿಗೆ ಮಾತ್ರ ಮುಂದಿಂದು.

ಪ್ಯಾಕೇಜ್ ಹೆಸರು ಸಮುದ್ರಂ. ಲಕ್ಷದ್ವೀಪ ಆಡಳಿತದ ಕೆಳಗ ಸ್ಪೋರ್ಟ್ಸ್ ಅನ್ನೋ ಸಂಸ್ಥೆ ಅದ (ಆಟದ ಸ್ಪೋರ್ಟ್ಸ್ ಅಲ್ಲ, ಒಂದು ಉದ್ದ ಹೆಸರಿನ ಗಿಡ್ಡ ರೂಪ), ಅವರೇ ನಡಸ್ತಾರ. ಐದು ದಿನ. ಹಗಲು ದ್ವೀಪದಾಗ, ರಾತ್ರಿ ಹಡಗಿನ್ಯಾಗ. ಕಲ್ಪೇನಿ, ಮಿನಿಕಾಯ್, ಕವರತ್ತಿ, ಮೂರು ದ್ವೀಪ. ಹೋಟೆಲ್ ಹುಡುಕೋದು, ಬ್ಯಾಗ್ ಹೊತ್ತು ಊರಿಂದ ಊರಿಗೆ ತಿರುಗೋದು ಏನೂ ಇಲ್ಲ, ವಯಸ್ಸಾದವರನ್ನ ಕರ್ಕೊಂಡು ಹೋಗೋರಿಗೆ ಇದೊಂದು ದೊಡ್ಡ ಆರಾಮು. ಹಡಗು ರಿಪೇರಿಗೆ ಹೋದ್ರ ಕಾರ್ಯಕ್ರಮ ಬದಲಾಗ್ತದ, ಹಂಗಾಗಿ ಆ ಸೀಸನ್‌ದಾಗ ಯಾವ ತಾರೀಖು, ಯಾವ ಪ್ಯಾಕೇಜ್ ಅದ ಅಂತ ಅವರ ವೆಬ್‌ಸೈಟ್ ನೋಡಿ, ಕೊಚ್ಚಿ ಆಫೀಸಿಗೆ ಒಂದು ಫೋನ್ ಹಚ್ಚಿ ಪಕ್ಕಾ ಮಾಡ್ಕೊಂಡೇ ರೈಲ್ ಟಿಕೆಟ್ ತಗೀರಿ. ನಮಗ ಮೊದ್ಲು ಒಬ್ಬ ಏಜೆಂಟ್ ಗಂಟು ಬಿದ್ದಿದ್ದ, ಅದೇ ಪ್ಯಾಕೇಜಿಗೆ ತನ್ನ ಕಮಿಷನ್ ಸೇರ್ಸಿ ಹೇಳಿದ್ದು ನೋಡಿ ನಮ್ಮ ಮನಿಯವ್ರು ಫೋನ್ ಇಟ್ಟೇಬಿಟ್ರು.

ಯಾವಾಗ ಹೋಗ್ಬೇಕು

ಅಕ್ಟೋಬರ್‌ದಿಂದ ಏಪ್ರಿಲ್ ತನಕ. ಮಳಿಗಾಲದಾಗ ಅರಬ್ಬಿ ಸಮುದ್ರ ಹುಚ್ಚು ಹಿಡದಂಗ ಇರ್ತದ, ಟೂರಿಸ್ಟ್ ಹಡಗು ಬಂದ್. ನಾವು ಫೆಬ್ರುವರಿದಾಗ ಹೋದ್ವಿ, ನೀರು ತಟ್ಟಿನ್ಯಾಗಿನ ಹಾಲಿನಂಗ ಇತ್ತು, ಒಂದು ರಾತ್ರಿ ಬಿಟ್ಟು. ಆ ರಾತ್ರಿ ಕಥಿ ಮುಂದ ಬರ್ತದ. ಸಾಲಿ ರಜಾ ಅಂತ ಮೇದಾಗ ಹೋಗ್ಲಿಕ್ಕೆ ನೋಡೋರು ಭಾಳ, ನನ್ನ ಕೇಳಿದ್ರ ಮಗಂದು ನಾಲ್ಕು ದಿನ ಸಾಲಿ ತಪ್ಪಿದ್ರೂ ಅಡ್ಡಿಯಿಲ್ಲ, ನಾನೇ ಟೀಚರ್ ಇದ್ದು ಹೇಳ್ಲಿಕತ್ತೀನಿ.

ಕಾಗದ ಪತ್ರ: ಇಲ್ಲೇ ಮಂದಿ ಸೋಲೋದು

ಲಕ್ಷದ್ವೀಪ ನಮ್ಮ ದೇಶದ್ದೇ, ಆದ್ರ ಟಿಕೆಟ್ ತಗೊಂಡು ಸೀದಾ ಹೋಗ್ಲಿಕ್ಕೆ ಆಗಂಗಿಲ್ಲ. 1967ರ ಒಂದು ನಿಯಮದ ಪ್ರಕಾರ ಹೊರಗಿನವರಿಗೆ ಪ್ರವೇಶದ ಪರ್ಮಿಟ್ ಬೇಕು. ಒಟ್ಟು 36 ದ್ವೀಪ, ಎಲ್ಲಾ ಸೇರ್ಸಿದ್ರ 32 ಚದರ ಕಿಲೋಮೀಟರ್ ನೆಲ, ಅದ್ರಾಗ ಜನ ಇರೋದು 10ರಾಗ ಮಾತ್ರ. ಅಷ್ಟು ಸಣ್ಣ ಜಾಗದಾಗ ಎಲ್ಲಾರೂ ನುಗ್ಗಿದ್ರ ಕುಡಿಯೋ ನೀರು ಸೈತ ಉಳಿಯಂಗಿಲ್ಲ, ನಿಯಮ ಇರೋದು ಬರೋಬ್ಬರಿನೇ ಅದ.

ಪ್ಯಾಕೇಜ್ ತಗೊಂಡ್ರ ಪರ್ಮಿಟ್ ಕೆಲಸ ಅವರೇ ಮಾಡ್ಸ್ತಾರ, ಕಾಗದ ಮಾತ್ರ ನಾವು ಕೊಡ್ಬೇಕು. ಆಧಾರ್, ಫೋಟೋ, ಮತ್ತ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್. ಈ ಕೊನಿದು ನಮ್ಮ ರಾಜ್ಯದಾಗ ಸೇವಾ ಸಿಂಧು ಮ್ಯಾಲ ಅರ್ಜಿ ಹಾಕಿ ತಗೋಬಹುದು. ಒಂದೂವರೆ ಎರಡು ತಿಂಗಳ ಮುಂಚೆನೇ ಹಾಕ್ರಿ. ನಮ್ಮದು ಒಂದು ಆಫೀಸಿನ್ಯಾಗ ಮೂರು ವಾರ ಫೈಲಿನ ಕೆಳಗ ನಿದ್ದಿ ಹೊಡೀತು, ಕಡಿಗೆ ನಮ್ಮತ್ತಿನೇ ಹೋಗಿ ಎದುರಿಗೆ ಕುಂತು "ಏನಪ್ಪ, ನಾ ಅಲ್ಲಿ ಹೋಗಿ ಯಾರಿಗಾರ ಬಡೀತೀನಿ ಅನ್ನಂಗ ಕಾಣ್ತೀನೇನು" ಅಂದ ಮ್ಯಾಲ ಅರ್ಧ ತಾಸಿನ್ಯಾಗ ಸಹಿ ಬಿತ್ತು.

ಹೆಸರು ನೋಡ್ರಿ, ಹೆಸರು. ನಮ್ಮತ್ತಿ ಹೆಸರು ಆಧಾರ್‌ನ್ಯಾಗ ಶಾಂತಾಬಾಯಿ, ರೇಶನ್ ಕಾರ್ಡಿನ್ಯಾಗ ಶಾಂತಮ್ಮ, ಬ್ಯಾಂಕಿನ್ಯಾಗ ಶಾಂತವ್ವ. ನಮ್ಮ ಕಡಿ ಮುದುಕರದ್ದು ಮನಿ ಮನಿದೂ ಇದೇ ಕಥಿ. ಹಡಗಿನ ಟಿಕೆಟ್, ಪರ್ಮಿಟ್, ಪೊಲೀಸ್ ಸರ್ಟಿಫಿಕೇಟ್ ಮೂರರಾಗೂ ಆಧಾರ್‌ದಾಗ ಇದ್ದಂಗೇ ಅಕ್ಷರಕ್ಕ ಅಕ್ಷರ ಬರಸ್ರಿ. ಎಲ್ಲದರದ್ದು ಮೂರು ಮೂರು ಝೆರಾಕ್ಸ್ ಮಾಡಿ ಪ್ಲಾಸ್ಟಿಕ್ ಕವರ್‌ನ್ಯಾಗ ಇಟ್ಕೋರಿ, ಫೋನ್‌ನ್ಯಾಗ ಅದ ಅಂತ ನಂಬಿ ಹೋಗಬ್ಯಾಡ್ರಿ, ಫೋನ್ ಒದ್ದಿ ಆಗ್ತದ, ಬ್ಯಾಟರಿ ಸಾಯ್ತದ.

ಬುಕ್ ಮಾಡುವಾಗ ಕೇಳಬೇಕಾದ್ದು

ಎರಡೇ ಮಾತು. ಒಂದು, ಮುದುಕರಿಗೆ ಕೆಳಗಿನ ಮಂಚ. ರೂಮಿನ್ಯಾಗ ಮಂಚ ರೈಲಿನ ಬರ್ತ್ ಇದ್ದಂಗ ಒಂದರ ಮ್ಯಾಲ ಒಂದು ಇರ್ತಾವ, ಏಣಿ ಹತ್ಬೇಕು, ಮೊಣಕಾಲು ನೋವು ಇದ್ದೋರಿಗೆ ಆಗಂಗಿಲ್ಲ. ನಮಗ ಎರಡು ಮಂಚದ ಎರಡು ರೂಮ್ ಸಿಕ್ಕಿದ್ವು, ನಾನು ನಮ್ಮತ್ತಿ ಒಂದ್ರಾಗ, ಅಪ್ಪ ಮಗ ಇನ್ನೊಂದ್ರಾಗ.

ಎರಡು, ಹಡಗಿನ ನಟ್ಟನಡುವ, ಆದಷ್ಟು ಕೆಳಗಿನ ಅಂತಸ್ತಿನ ರೂಮ್ ಸಿಗ್ತದೇನು ಕೇಳ್ರಿ. ಯಾಕಂದ್ರ ಹಡಗು ಆಡೋದು ಪಾರ್ಕಿನ್ಯಾಗಿನ ಸೀಸಾ ಇದ್ದಂಗ, ಎರಡು ತುದಿ ಎತ್ತಿ ಇಳಸ್ತದ, ನಡುವ ಕುಂತಾವಗ ಏನೂ ಅನಸಂಗಿಲ್ಲ. ಮ್ಯಾಲಿನ ಅಂತಸ್ತಿನ್ಯಾಗ ಎಡಕ್ಕ ಬಲಕ್ಕ ವಾಲೋದು ಜಾಸ್ತಿ. ಎಲ್ಲಾರೂ ಮ್ಯಾಲಿನ ರೂಮಿಗೆ ಬಡದಾಡ್ತಾರ, ವ್ಯೂ ಸಿಗ್ತದ ಅಂತ. ವ್ಯೂ ನೋಡ್ಲಿಕ್ಕೆ ಡೆಕ್ ಅದ, ರೂಮ್ ಇರೋದು ಮಲಗ್ಲಿಕ್ಕೆ. ದೊಡ್ಡ ಹಡಗಿನ್ಯಾಗ ಇದು ಅಷ್ಟು ಗೊತ್ತಾಗಂಗಿಲ್ಲ, ಸಣ್ಣದ್ರಾಗ ಭಾಳ ಗೊತ್ತಾಗ್ತದ.

ಗಂಟು ಕಟ್ಟೋದು

ಬಟ್ಟಿ ಕಡಿಮಿ, ಬುತ್ತಿ ಜಾಸ್ತಿ, ಇದು ನನ್ನ ಸೂತ್ರ. ಹಡಗಿನ್ಯಾಗ ಅನ್ನ, ಸಾಂಬಾರು, ಮೀನಿನ ಸಾರು, ಬೆಳಗ್ಗೆ ಇಡ್ಲಿ ಉಪ್ಪಿಟ್ಟು, ಕೇರಳದ ಅಡಗಿ. ಸಸ್ಯಾಹಾರ ಸಿಗ್ತದ, ಮೊದ್ಲೇ ಹೇಳಿ ಬರಸ್ರಿ. ಆದ್ರ ಜೋಳದ ರೊಟ್ಟಿ ಮ್ಯಾಲ ಬೆಳದ ಹೊಟ್ಟಿಗೆ ಐದು ದಿನ ಬರೇ ಅನ್ನ ಅಂದ್ರ ಮೂರನೇ ದಿನಕ್ಕ ಮುನಸ್ಕೊಂತದ. ಅದಕ್ಕ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದಿಷ್ಟು ಶೇಂಗಾ ಹೋಳಗಿ ಕಟ್ಟಿದ್ವಿ.

ಇಲ್ಲಿ ನಾ ಮಾಡಿದ ತಪ್ಪು ಕೇಳ್ರಿ. ರೊಟ್ಟಿ ಮನ್ಯಾಗ ಇಡೋ ಹಂಗೇ ಬಟ್ಟಿಯಾಗ ಸುತ್ತಿ ಇಟ್ಟಿದ್ದೆ. ನಮ್ಮೂರಿನ ಒಣ ಗಾಳಿಗೆ ಕಡಕ್ ರೊಟ್ಟಿ ತಿಂಗಳಾದ್ರೂ ಕಡಕ್ ಇರ್ತದ. ಸಮುದ್ರದ ಗಾಳಿ ಅಂದ್ರ ಪೂರಾ ತೇವ, ಉಪ್ಪು ಬ್ಯಾರೆ, ಒಂದೇ ರಾತ್ರಿಗೆ ರೊಟ್ಟಿ ಮೆತ್ತಗಾಗಿ ಚಪಾತಿ ಥರ ಮಡಚ್ಲಿಕ್ಕೆ ಬಂತು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು, ಹಿಂಡಿಗೂ ಅಷ್ಟೇ. ಬಾಜೂ ಟೇಬಲ್ಲಿನ ಕಣ್ಣೂರಿನ ಮಂದಿಗೆ ಶೇಂಗಾ ಹಿಂಡಿ ಕೊಟ್ವಿ, ಅವರು ಅನ್ನದ ಮ್ಯಾಲ ಕೊಬ್ಬರಿ ಎಣ್ಣಿ ಹಾಕ್ಕೊಂಡು ಅದನ್ನ ಕಲಸಿ ಉಂಡ್ರು, ನಮ್ಮತ್ತಿ ನೋಡ್ಲಿಕ್ಕಾಗ್ದ ಮಕ ತಿರುಗ್ಸಿದ್ರು.

ಉಳಿದಿದ್ದು: ನೀರಿನ್ಯಾಗ ನಡಿಲಿಕ್ಕೆ ಹಿಂದ ಪಟ್ಟಿ ಇರೋ ರಬ್ಬರ್ ಚಪ್ಪಲ್ (ಹವಳದ ಚೂರು ಗಾಜಿನಂಗ ಕೊಯ್ತದ), ಟೋಪಿ, ತುಂಬು ತೋಳಿನ ತೆಳು ಅಂಗಿ, ಸನ್‌ಸ್ಕ್ರೀನ್, ಬೆನ್ನಿಗೆ ಹಾಕೋ ಸಣ್ಣ ಬ್ಯಾಗು, ರೊಕ್ಕ ನಗದು. ಬಿಸಲಿನ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನಾವು ಕಲಬುರಗಿ ಮಂದಿ, ಮೇದಾಗ 43 ಡಿಗ್ರಿದಾಗ ಸೂಪರ್ ಮಾರ್ಕೆಟ್ ಪ್ಯಾಟಿ ತಿರುಗೋರು, ನಮಗೇನು ಬಿಸಲು ಅಂತ ಸೊಕ್ಕು. ಅಲ್ಲಿ ಉಷ್ಣ ಮೂವತ್ತರ ಆಸುಪಾಸು, ತಂಪು ಗಾಳಿ, ಸುಡೋದು ಗೊತ್ತೇ ಆಗಂಗಿಲ್ಲ. ಮ್ಯಾಲಿಂದ ಬಿಸಲು, ಕೆಳಗಿಂದ ಬಿಳಿ ಉಸುಕು ಮತ್ತ ನೀರಿನಿಂದ ತಿರುಗಿ ಹೊಡಿಯೋ ಬೆಳಕು. ನಮ್ಮ ಮನಿಯವ್ರ ಬೆನ್ನು ಮೊದಲನೇ ದಿನಾನೇ ಸುಟ್ಟ ಬದನಿಕಾಯಿ ಆಗಿತ್ತು.

ಔಷಧದಾಗ ವಾಂತಿ ಗುಳಿಗಿ, ಓಆರ್‌ಎಸ್, ಬಿಪಿ ಸಕ್ಕರಿ ಗುಳಿಗಿ ಇದ್ರ ಹತ್ತು ದಿನದ್ದು ಇಟ್ಕೋರಿ, ಐದು ದಿನದ್ದಲ್ಲ. ದಾರು ಬಿಲ್ಕುಲ್ ಒಯ್ಯಬ್ಯಾಡ್ರಿ, ಜನ ಇರೋ ದ್ವೀಪದಾಗ ನಿಷೇಧ ಅದ, ಬ್ಯಾಗ್ ಚೆಕ್ ಆಗ್ತದ.

ಕೊಚ್ಚಿ ತನಕ

ಪುಣೆ-ಕನ್ಯಾಕುಮಾರಿ ಎಕ್ಸ್‌ಪ್ರೆಸ್ ನಮ್ಮ ಕಲಬುರಗಿ, ಯಾದಗಿರಿ ಮ್ಯಾಲಿಂದನೇ ಹೋಗ್ತದ, ಗುಂತಕಲ್, ತಿರುಪತಿ, ಕೊಯಮತ್ತೂರು ದಾಟಿ ಎರ್ನಾಕುಲಂ ಟೌನ್‌ದಾಗ ಇಳಸ್ತದ, ಒಂದು ದಿನಕ್ಕಿಂತ ಜಾಸ್ತಿ ಹಿಡಿತದ. ಬೀದರಿನವರು ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ ನೋಡ್ಕೊಂಡ್ರ ಸಲೀಸು. ಹೆಂಗರ ಹೋಗ್ರಿ, ಹಡಗು ಬಿಡೋ ಹಿಂದಿನ ದಿನನೇ ಕೊಚ್ಚಿ ಮುಟ್ರಿ. ರೈಲು ಲೇಟ್ ಆದ್ರ ಮುಂದಿನ ರೈಲು ಹಿಡಿಬಹುದು, ಹಡಗು ಹೋದ್ರ ಹೋಯ್ತು.

ಹಡಗು ಹತ್ತೋದು ವಿಲ್ಲಿಂಗ್ಡನ್ ಐಲ್ಯಾಂಡಿನ್ಯಾಗ. ಅದು ದೇವರು ಮಾಡಿದ ದ್ವೀಪ ಅಲ್ಲ, ಬ್ರಿಟಿಷರ ಕಾಲದಾಗ ರಾಬರ್ಟ್ ಬ್ರಿಸ್ಟೋ ಅನ್ನೋ ಎಂಜಿನಿಯರ್ ಬಂದರು ಆಳ ಮಾಡ್ಲಿಕ್ಕೆ ತಗದ ಮಣ್ಣಿಂದ ಕಟ್ಟಿದ್ದು. ವಿಮಾನ ನಿಲ್ದಾಣದ ಥರಾನೇ ಬ್ಯಾಗ್ ಸ್ಕ್ಯಾನ್, ಪರ್ಮಿಟ್ ಚೆಕ್, ಆಮ್ಯಾಲ ಹಡಗು. ಹತ್ತಿದ ಕೂಡ್ಲೆ ಮಾಡಬೇಕಾದ್ದು: ಲೈಫ್ ಜಾಕೆಟ್ ಎಲ್ಲಿ ಅದ ನೋಡ್ರಿ, ಅಪಾಯದಾಗ ಎಲ್ಲಿ ಕೂಡ್ಬೇಕು ಕೇಳ್ರಿ, ಮತ್ತ ರೂಮಿಂದ ಊಟದ ಹಾಲಿಗೆ, ಡೆಕ್ಕಿಗೆ ಒಂದೆರಡು ಸಲ ಹುಡುಗರನ್ನ ಓಡಾಡ್ಸಿ ದಾರಿ ತಿಳ್ಸ್ರಿ. ಎಲ್ಲಾ ಓಣಿ ಒಂದೇ ಥರ ಕಾಣ್ತಾವ. ಕಬ್ಬಿಣದ ಹೊಸ್ತಿಲು ಎತ್ತರ ಇರ್ತಾವ, ನೀರು ಒಳಗ ಬರಬಾರದು ಅಂತ, ನಾಲ್ಕೂ ಮಂದಿ ಒಂದೊಂದು ಸಲ ಎಡವಿದ್ವಿ.

ವಾಂತಿ ವಿಚಾರ

ಕಣ್ಣು ಹೇಳ್ತದ ರೂಮ್ ನಿಂತದ ಅಂತ, ಕಿವಿ ಒಳಗಿನ ತೂಕದ ಯಂತ್ರ ಹೇಳ್ತದ ಇಲ್ಲ ಆಡ್ಲಿಕತ್ತದ ಅಂತ, ಇವೆರಡರ ಜಗಳದಾಗ ಹೊಟ್ಟಿ ಸಾಯ್ತದ, ಅಷ್ಟೇ ಇದರ ಗುಟ್ಟು. ಅದಕ್ಕ ಮದ್ದೂ ಅಲ್ಲೇ ಅದ: ರೂಮ್ ಬಿಟ್ಟು ಡೆಕ್ಕಿಗೆ ಬಂದು, ದೂರ ಆಕಾಶ ನೀರು ಕೂಡೋ ಗೆರಿ ನೋಡ್ಕೊಂತ ನಿಲ್ಲೋದು. ಆಗ ಕಣ್ಣಿಗೂ ಆಡೋದು ಕಾಣ್ತದ, ಜಗಳ ನಿಲ್ತದ. ಮೊಬೈಲ್ ನೋಡಬ್ಯಾಡ್ರಿ, ಪುಸ್ತಕ ಓದಬ್ಯಾಡ್ರಿ. ಹೊಟ್ಟಿ ಖಾಲಿನೂ ಇರಬಾರದು, ಎಣ್ಣಿ ಪದಾರ್ಥನೂ ತುಂಬಬಾರದು. ಅವೊಮಿನ್‌ನಂಥ ಗುಳಿಗಿ ಒಂದು ಎರಡು ತಾಸು ಮುಂಚೆ ತಗೋಬೇಕು, ಶುರು ಆದ ಮ್ಯಾಲ ನುಂಗಿದ್ರ ಗುಳಿಗಿನೂ ಹೊರಗ ಬರ್ತದ. ನಿದ್ದಿ ಬರ್ತದ ಅದಕ್ಕ, ಹುಡುಗರಿಗೆ ಮುದುಕರಿಗೆ ಎಷ್ಟು ಕೊಡ್ಬೇಕು ಅನ್ನೋದು ಡಾಕ್ಟರಿಗೆ ಕೇಳೇ ಹೋಗ್ರಿ.

ನಮ್ಮ ಮನಿಯವ್ರು ಕೇಳ್ಲಿಲ್ಲ. "ನಾ ಶಹಾಪುರ ಬಸ್ಸಿನ್ಯಾಗ ಹಿಂದಿನ ಸೀಟಿನ್ಯಾಗ ಕುಂತು ಓಡಾಡಿದವ" ಅಂದ್ರು. ಕಲ್ಪೇನಿಯಿಂದ ಮಿನಿಕಾಯ್‌ಗೆ ಹೋಗೋ ರಾತ್ರಿ ನೈನ್ ಡಿಗ್ರಿ ಚಾನೆಲ್ ದಾಟ್ಬೇಕು, ಮಿನಿಕಾಯ್‌ನ್ನ ಉಳಿದ ದ್ವೀಪದಿಂದ ಬೇರೆ ಮಾಡೋ ಅಗಲ ನೀರಿನ ದಾರಿ ಅದು, ಅಡ್ಡ ಇಡ್ಲಿಕ್ಕೆ ಒಂದು ಬಂಡಿಗಲ್ಲೂ ಇಲ್ಲ. ಅವತ್ತು ಸಂಜಿಗೆ ಅವರು ಪೊರೊಟ, ಮ್ಯಾಲ ಭಜಿ, ಮ್ಯಾಲ ಎರಡು ಹೋಳಗಿ ಹೊಡದಿದ್ರು. ರಾತ್ರಿ ಹನ್ನೊಂದಕ್ಕ ಮಗ ಬಂದು ನಮ್ಮ ಬಾಗಲ ಬಡದ, "ಆಯಿ, ಅಪ್ಪ ಹಳದಿ ಆಗ್ಯಾನ." ಮುಂದಿನದು ಬರಿಯಂಗಿಲ್ಲ. ನಮ್ಮತ್ತಿಗೆ ಏನಂದ್ರ ಏನೂ ಆಗ್ಲಿಲ್ಲ, ತಮ್ಮ ಮಗನ ಬೆನ್ನು ಸವರಿಕೊಂತ "ಸಣ್ಣಾಕಿದ್ದಾಗ ಬಂಡಿಯಾಗ ಶರಣಪ್ಪನ ಜಾತ್ರಿಗೆ ಬರ್ತಿದ್ವಿ, ಈ ಹಡಗು ಅದಕ್ಕಿಂತ ಭೇಷಿ ಅದ" ಅಂದ್ರು.

ಹಡಗಿಂದ ಬೋಟಿಗೆ ಇಳಿಯೋದು: ಇದನ್ನ ಎರಡು ಸಲ ಓದ್ರಿ

ಎಲ್ಲಾರೂ ಫೋಟೋ ತೋರಿಸ್ತಾರ, ಇದನ್ನ ಯಾರೂ ಹೇಳಂಗಿಲ್ಲ. ದ್ವೀಪದ ಸುತ್ತ ಹವಳದ ಗೋಡಿ, ಒಳಗ ಆಳ ಇಲ್ಲದ ಲಗೂನ್, ಅಂದ್ರ ಸಮುದ್ರದ ನೀರಿನ ಕೊಳ. ನಮ್ಮಂಥ ಹಡಗು ಒಳಗ ಹೋಗಂಗಿಲ್ಲ, ಹೊರಗೇ ನಿಲ್ತದ. ದ್ವೀಪದಿಂದ ಸಣ್ಣ ಬೋಟ್ ಬಂದು ಹಡಗಿನ ಪಕ್ಕಕ್ಕ ಹತ್ಕೊಂತಾವ, ಹಡಗಿನ ಹೊಟ್ಟ್ಯಾಗ ಒಂದು ಬಾಗಲ ತಗೀತಾರ, ನೀವು ಅಲ್ಲಿಂದ ಬೋಟಿಗೆ ಕಾಲಿಡ್ಬೇಕು. ಹಡಗು ತಣ್ಣಗ ನಿಂತಿರ್ತದ, ಬೋಟ್ ಮಾತ್ರ ಮೂರು ಅಡಿ ಮ್ಯಾಲ, ಮೂರು ಅಡಿ ಕೆಳಗ. ದಿನಕ್ಕ ಎರಡು ಸಲ, ಮೂರು ದಿನ, ಒಟ್ಟು ಆರು ಸಲ ದಾಟೋದು.

ನಮಗ ಅಲ್ಲಿಯ ಬೋಟಿನ ಹುಡುಗ್ರು ಕಲ್ಸಿದ್ದು ಹಿಂಗ. ಎರಡೂ ಕೈ ಖಾಲಿ ಇರ್ಬೇಕು, ಬ್ಯಾಗ್ ಬೆನ್ನಿಗೆ, ಫೋನ್ ಬ್ಯಾಗಿನ ಒಳಗ, ವಿಡಿಯೋ ಗಿಡಿಯೋ ಬೋಟಿನ್ಯಾಗ ಕುಂತ ಮ್ಯಾಲ. ಲೈಫ್ ಜಾಕೆಟ್ ಹೊಟ್ಟಿ ಪಟ್ಟಿ ಬಿಗಿ. ಬಾಗಲದಾಗ ನಿಂತು ಬೋಟ್ ಎರಡು ಮೂರು ಸಲ ಏರಿ ಇಳಿಯೋದು ಸುಮ್ಮ ನೋಡ್ರಿ, ಗತಿ ತಿಳೀತದ. ಬೋಟ್ ಪೂರಾ ಮ್ಯಾಲ ಬಂದ ಗಳಿಗ್ಯಾಗ ಅವರು "ಬಾ" ಅಂತಾರ, ಆಗ ಒಂದೇ ಹೆಜ್ಜಿ. ಜಿಗೀಬ್ಯಾಡ್ರಿ, ಮೆಟ್ಲ ಇಳದಂಗ ಇಳೀರಿ. ಅವರ ಬೆರಳು ಹಿಡಿಬ್ಯಾಡ್ರಿ, ಮಣಿಕಟ್ಟಿನ ಮ್ಯಾಲಿನ ತೋಳು ಹಿಡೀರಿ, ಒದ್ದಿ ಕೈ ಜಾರ್ತದ. ಬೋಟ್ ಇಳೀಲಿಕತ್ತಾಗ ಅರ್ಧ ಕಾಲು ಇಟ್ಟು ಅನುಮಾನ ಮಾಡೋದು ಎಲ್ಲಕ್ಕಿಂತ ಕೆಟ್ಟದ್ದು. ಹೆದರಿಕಿ ಆದ್ರ ಹಿಂದ ಸರದು ಮುಂದಿನವರಿಗೆ ಬಿಡ್ರಿ, ಯಾರೂ ಬೈಯಂಗಿಲ್ಲ.

ನಮ್ಮತ್ತಿ ಸೀರಿ ದೊಡ್ಡ ಸಮಸ್ಯೆ ಆಗಿತ್ತು. ನೆರಿಗಿ ಕಾಲಿಗೆ ಸಿಗಬಾರದು, ಚೂಡಿದಾರ್ ಹಾಕೋರಿ ಅಂದ್ರ "ಸತ್ತ ಮ್ಯಾಲ ಹಾಕ್ಸು" ಅಂದ್ರು. ರೂಮಿಗೆ ಹೋದ್ರು, ಹತ್ತು ನಿಮಿಷಕ್ಕ ಹೊರಗ ಬಂದ್ರು, ಹೊಲದಾಗ ಕಳೆ ತಗೀವಾಗ ಉಡೋ ಹಂಗ ಕಚ್ಚಿ ಹಾಕಿ ಬಿಗಿಯಾಗಿ ಉಟ್ಕೊಂಡು. ಬಾಗಲಿಗೆ ಬಂದು, ಬೋಟ್ ಮ್ಯಾಲ ಬಂತು, ಒಂದು ಹೆಜ್ಜಿ, ಕುಂತೇಬಿಟ್ರು. ಬೋಟಿನವ ತನ್ನ ಭಾಷ್ಯಾಗ ಏನೋ ಅಂದು ಕೈ ಮುಗದ. ಹಿಂದ ಬಂದ ನಾನು ಕಿರುಚಿಕೊಂತ ಇಳದೆ.

ಆದ್ರೂ ಖರೆ ಹೇಳ್ಬೇಕಂದ್ರ, ಮೊಣಕಾಲು ಪೂರಾ ಕೆಟ್ಟವರು, ಇತ್ತೀಚಿಗೆ ಆಪರೇಶನ್ ಆದವರು, ಬಸುರಿ ಹೆಣ್ಮಕ್ಕಳು, ಕೂಸಿನ ತಾಯಂದಿರು ಈ ಹಡಗಿಗೆ ಹೋಗಬ್ಯಾಡ್ರಿ. ನಿಮಗ ಮುಂಬೈ ದೊಡ್ಡ ಹಡಗೇ ಸೈ, ಬಂದರಿನ್ಯಾಗ ನಡಕೊಂತ ಹತ್ತಬಹುದು.

ದ್ವೀಪದಾಗ ಏನು ನೋಡ್ಬೇಕು

ಕಲ್ಪೇನಿದಾಗ ಲಗೂನ್ ಭಾಳ ದೊಡ್ಡದು, ಈಜು ಬರದವರಿಗೂ ಸೊಂಟದ ನೀರಿನ್ಯಾಗ ಸ್ನಾರ್ಕೆಲ್ (ಬಾಯಾಗ ಉಸಿರಿನ ನಳಿಗಿ ಇಟ್ಕೊಂಡು ಮಕ ಮುಳುಗ್ಸಿ ನೋಡೋದು) ಕಲಸ್ತಾರ, ಮಗ ಮೊದಲ ಸಲ ಮಕ ಮುಳುಗ್ಸಿ ಎದ್ದು "ಅವ್ವಾ, ಕೆಳಗ ಊರದ" ಅಂದ. ದಂಡಿ ಮ್ಯಾಲ 1847ರ ಬಿರುಗಾಳಿ ಎತ್ತಿ ಒಗದ ಹವಳದ ಬಂಡಿಗಲ್ಲುಗಳು ಇನ್ನೂ ಬಿದ್ದಾವ. ಮಗ ಒಂದು ಚಂದನ ಹವಳದ ಚೂರು ಕಿಸೆದಾಗ ಇಟ್ಕೊಂಡಿದ್ದ, ವಾಪಸ್ ಹಾಕ್ಸಿದೆ. ಅದು 1972ರ ವನ್ಯಜೀವಿ ಕಾಯ್ದೆ ಕೆಳಗ ಅಪರಾಧ, ಸತ್ತ ಹವಳ ಆದ್ರೂ ಅಷ್ಟೇ, ಹುಡುಗರ ಕಿಸೆ ಬೋಟ್ ಹತ್ತೋ ಮುಂಚೆ ನೀವೇ ತಪಾಸ್ ಮಾಡ್ರಿ.

ಮಿನಿಕಾಯ್ ಉಳಿದವಕ್ಕಿಂತ ಬ್ಯಾರೆ. ಅಲ್ಲಿ ಮಲಯಾಳಂ ಅಲ್ಲ, ಮಹಲ್ ಭಾಷಾ, ಮಾಲ್ಡೀವ್ಸ್ ಕಡಿದು, ಬರಿಯೋದು ಬಲದಿಂದ ಎಡಕ್ಕ. ನಮ್ಮೂರಾಗ ಉರ್ದು ಬೋರ್ಡ್ ನೋಡಿ ರೂಢಿ ಇದ್ದ ಮಗ ಓದ್ಲಿಕ್ಕೆ ಹೋಗಿ ತಬ್ಬಿಬ್ಬಾದ. 1885ರ ದೀಪಸ್ತಂಭ ಅದ, ಹೆಚ್ಚೂ ಕಡಿಮಿ ನಮ್ಮ ವಿಜಯಪುರದ ಗೋಳಗುಮ್ಮಟದಷ್ಟು ಎತ್ತರ. ಮುದುಕರಿಗೆ ಬ್ಯಾಡ, ಉಳಿದವರು ಹತ್ತಲೇಬೇಕು, ಮ್ಯಾಲಿಂದ ನೋಡಿದ್ರ ಇಡೀ ದ್ವೀಪ ಒಂದು ಹಸರ ಹುಬ್ಬಿನಂಗ ಕಾಣ್ತದ. ಟ್ಯೂನಾ ಮೀನು ಒಣಗ್ಸೋ ವಾಸನಿ ಮಾತ್ರ ನಮ್ಮತ್ತಿಗೆ ತಡಿಲಿಕ್ಕೆ ಆಗ್ಲಿಲ್ಲ, ಇಡೀ ದಿನ ಮೂಗಿಗೆ ಸೆರಗು.

ಕವರತ್ತಿದಾಗ ಗಾಜಿನ ತಳದ ಬೋಟ್, ಮೀನಿನ ಅಕ್ವೇರಿಯಂ, ಮರದ ಕೆತ್ತನಿ ಇರೋ ಉಜ್ರಾ ಮಸೀದಿ ಎಲ್ಲಾ ಅವ. ನನಗ ಅಲ್ಲಿ ಭಾಳ ಹಿಡಸಿದ್ದು ನೀರಿನ ಪ್ಲಾಂಟು. 2005ರಾಗ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದು, ದಿನಕ್ಕ ಒಂದು ಲಕ್ಷ ಲೀಟರ್ ಸಿಹಿ ನೀರು. ಹೆಂಗಂದ್ರ, ಸಮುದ್ರದ ಮ್ಯಾಲಿನ ನೀರು 28 ಡಿಗ್ರಿ ಸುಮಾರು ಬೆಚ್ಚಗ ಇರ್ತದ, ಅದನ್ನ ಗಾಳಿ ಎಳದು ಒತ್ತಡ ಕಡಿಮಿ ಮಾಡಿದ ಡ್ರಮ್ಮಿನ್ಯಾಗ ಬಿಟ್ರ ಒಲಿನೇ ಇಲ್ದ ಆವಿ ಆಗ್ತದ. ಆ ಆವಿನ್ನ ತಣ್ಣಗ ಮಾಡ್ಲಿಕ್ಕೆ 350 ಮೀಟರ್ ಆಳದಿಂದ ಪೈಪಿನ್ಯಾಗ ಥಂಡ ನೀರು ಎಳೀತಾರ. ಉಪ್ಪು ಹಿಂದ ಉಳೀತದ, ಸಿಹಿ ನೀರು ನಳಕ್ಕ ಬರ್ತದ. ಸುತ್ತ ಮುತ್ತ ಉಪ್ಪು ನೀರು ಇದ್ದು ಕುಡಿಲಿಕ್ಕೆ ಗುಟುಕಿಲ್ಲದ ಊರು, ನದಿ ಇಲ್ಲ, ಕೆರಿ ಇಲ್ಲ. ಇದನ್ನ ಕೇಳಿದ ಮ್ಯಾಲ ನಮ್ಮತ್ತಿ ಹಡಗಿನ್ಯಾಗ ಬಚ್ಚಲದಾಗ ನಳ ಬಿಟ್ಟು ನಿಂತಿದ್ದ ಮೊಮ್ಮಗನ ಬೆನ್ನಿಗೆ ಒಂದು ಕೊಟ್ರು. ನೀವೂ ಹಡಗಿನ್ಯಾಗ, ದ್ವೀಪದಾಗ ನೀರು ತುಪ್ಪ ಬಡಿಸ್ದಂಗ ಬಳಸ್ರಿ. ನಮ್ಮತ್ತಿ ದಿನಾ ಬೆಳಗ್ಗೆ ಲಿಂಗಪೂಜಿ ಒಂದು ಸಣ್ಣ ತಂಬಗಿ ನೀರಿನ್ಯಾಗ ಮುಗಸ್ತಿದ್ರು, ಮಂಚದ ಮ್ಯಾಲೇ ಕುಂತು, ಹಡಗು ಆಡ್ಲಿಕತ್ತಾಗ ಎಡಗೈ ಮಾತ್ರ ಜರಾನೂ ಅಳ್ಳಾಡ್ತಿದ್ದಿಲ್ಲ.

ಫೋನ್, ಹೊತ್ತು ಕಳಿಯೋದು

ದ್ವೀಪದಾಗ ನೆಟ್ ಬರ್ತದ, 2024ರ ಜನವರಿದಾಗ ಕೊಚ್ಚಿಯಿಂದ ಸಮುದ್ರದ ಕೆಳಗ ಕೇಬಲ್ ಚಾಲೂ ಆಗ್ಯಾದ. ನಡು ಸಮುದ್ರದಾಗ ಸಿಗ್ನಲ್ ಶೂನ್ಯ. ಮನ್ಯಾಗ ಇರೋರಿಗೆ ಮೊದ್ಲೇ ಹೇಳಿ ಇಡ್ರಿ, ಇಲ್ಲಾಂದ್ರ ನಮ್ಮ ತವರಿನವ್ರ ಥರ ಪೊಲೀಸ್ ಸ್ಟೇಶನ್ನಿಗೆ ಹೋಗೋ ಮಾತಾಡ್ತಾರ. ಇಸ್ಪೀಟು, ಚೌಕಾಬಾರಾಕ್ಕ ನಾಲ್ಕು ಕವಡಿ ತಗೊಂಡು ಹೋಗ್ರಿ. ನಮ್ಮ ಚೌಕಾಬಾರಾಕ್ಕ ಎರಡನೇ ದಿನ ಆಂಡ್ರೋತ್ ದ್ವೀಪದ ಒಬ್ಬ ಮಾಸ್ತರ್ರು ಬಂದು ಕೂತ್ರು, ಭಾಷಾ ಗೊತ್ತಿಲ್ದನೇ ನಮ್ಮತ್ತಿನ್ನ ಎರಡು ಸಲ ಸೋಲ್ಸಿದ್ರು. ರಾತ್ರಿ ಊಟ ಆದ ಮ್ಯಾಲ ಬೆಳಕು ಕಡಿಮಿ ಇರೋ ಡೆಕ್ಕಿಗೆ ಒಮ್ಮೆ ಹೋಗ್ರಿ, ಅಷ್ಟು ಚಿಕ್ಕಿ ನಾ ಸಣ್ಣಾಕಿದ್ದಾಗ ಚಿಂಚೋಳಿ ಕಡಿ ನಮ್ಮಜ್ಜನ ಮನಿ ಮಾಳಗಿ ಮ್ಯಾಲ ನೋಡಿದ್ದೆ, ಆಮ್ಯಾಲ ಇಲ್ಲೇ.

ವಾಪಸ್ ಬಂದ ಮ್ಯಾಲ

ಬಟ್ಟಿ, ಬ್ಯಾಗ್ ಝಿಪ್ಪು, ಕನ್ನಡಕ, ಫೋನು ಎಲ್ಲಾ ಸಿಹಿ ನೀರಿನ ಒದ್ದಿ ಬಟ್ಟಿಲೆ ಒರಸ್ರಿ, ಉಪ್ಪು ಕಬ್ಬಿಣ ತಿಂತದ. ಮತ್ತ ಇದೊಂದು ಯಾರೂ ಹೇಳದ್ದು: ನೆಲಕ್ಕ ಇಳದ ಮ್ಯಾಲನೂ ಒಂದೆರಡು ದಿನ ಮೈ ಆಡ್ತಿರ್ತದ, ಮನಿ ಗೋಡಿ ತೂಗಿದಂಗ ಅನಸ್ತದ. ರೋಗ ಏನಲ್ಲ, ಐದು ದಿನ ಹಡಗಿಗೆ ಹೊಂದ್ಕೊಂಡ ಕಿವಿ ನೆಲಕ್ಕ ಹೊಂದ್ಕೊಳ್ಳಿಕ್ಕೆ ಹೊತ್ತು ತಗೊಂತದ ಅಷ್ಟೇ, ವಾರ ಕಳದ್ರೂ ಹೋಗ್ಲಿಲ್ಲಂದ್ರ ಡಾಕ್ಟರಿಗೆ ತೋರಸ್ರಿ. ಗಾಡಿ ಎರಡು ದಿನ ಓಡಸಬ್ಯಾಡ್ರಿ, ರಜಾ ಒಂದಿನ ಹೆಚ್ಚಿಗಿ ಇಟ್ಕೋರಿ. ನಾ ಇಟ್ಕೊಂಡಿದ್ದಿಲ್ಲ, ಬೆಳಗ್ಗೆ ರೈಲ್ ಇಳದು ಹತ್ತು ಗಂಟೆಗೆ ಸಾಲಿಗೆ ಹೋದೆ, ಎಂಟನೇ ಕ್ಲಾಸಿನ್ಯಾಗ ಬೋರ್ಡಿನ ಅಂಚು ಗಟ್ಟಿ ಹಿಡ್ಕೊಂಡು ಪಾಠ ಮಾಡ್ಲಿಕತ್ತಿದ್ದು ನೋಡಿ ಹಿಂದಿನ ಬೆಂಚಿನ ಹುಡುಗಿ ಒಬ್ಬಾಕಿ ಎದ್ದು ನಿಂತು ಕೇಳಿದ್ಲು, "ಟೀಚರ್, ಭೂಕಂಪ ಆಗ್ಲಿಕತ್ತದೇನ್ರಿ?"